ಮೇಸ್ತ್ರಿಯ ಕಾರಿನ ಎರಡನೇ ಸೀಟು

ಪುತ್ತೂರಿನಲ್ಲಿ ಮೈದಾನದ ಬದಿಗೆ ಮನೆ ಇದ್ದವರು ನಾಟಕಕ್ಕೆ ಟಿಕೇಟು ತೆಗೆಯಬೇಕಾಗಿಲ್ಲ. ನಾನು ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದರೆ ಸಾಕು, ಒಂದಲ್ಲ ಒಂದು ಎದುರಿಗೇ ಬಂದು ನಡೆಯುವುದು. ಆಗ ತಿಂಗಳಿಗೊಂದು ಸಲ ಬ್ರೇಕ್ ಇನ್ಸ್‌ಪೆಕ್ಟರು ಬಂದು ಅಲ್ಲಿ ಮೇಜು ಹಾಕಿಸಿ ಕೂರುತ್ತಿದ್ದರು. ಲಾರಿ, ಜೀಪು, ಬಾಡಿಗೆ ಕಾರು ಎಲ್ಲ ಸಾಲಾಗಿ ನಿಂತು ಪರೀಕ್ಷೆ ಕೊಡುವುದು. ನಾನು ಮೂರನೇ ಕ್ಲಾಸಿನಲ್ಲಿ ಫೇಲಾದದ್ದು ಒಂದೇ ಸಲ, ಅಲ್ಲಿಗೇ ಶಾಲೆ ಬಿಟ್ಟೆ. ನಮ್ಮ ಮೇಸ್ತ್ರಿಯ ಕಾರು ಎಷ್ಟು ಸಲ ಫೇಲಾದರೂ ಅವನು ಬಿಡಲಿಲ್ಲ. ಆ ಕಥೆಯಲ್ಲಿ ನಗುವಂಥದ್ದು ಬೇಕಾದಷ್ಟು ಉಂಟು. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಯಾರಿಗೆ ಆ ಸೀಟು

ಮೇಸ್ತ್ರಿ ಅಂದರೆ ನಮ್ಮ ಮನೆಯ ಹಿಂದೆ ಗ್ಯಾರೇಜು ಇಟ್ಟುಕೊಂಡಿದ್ದವ. ಊರು ಸುಳ್ಯ, ಹೆಂಡತಿ ಕಡಬದವಳು. ಮಕ್ಕಳಾಗಲಿಲ್ಲ. ಒಮ್ಮೆ ಸಂಪಾಜೆಯ ಎಸ್ಟೇಟಿಗೆ ಜೀಪು ರಿಪೇರಿಗೆ ಹೋದವ ಅಲ್ಲಿನ ಗೋಡೆಯ ಕ್ಯಾಲೆಂಡರಿನಲ್ಲಿ ಹಳೇ ಕಾಲದ ವಿಲಾಯಿತಿ ರೇಸು ಕಾರಿನ ಚಿತ್ರ ನೋಡಿದನಂತೆ. ಉದ್ದ ಮೂತಿ, ಕಪ್ಪೆಗೆ ಇದ್ದ ಹಾಗೆ ಎರಡು ಕಣ್ಣು, ತಲೆ ಮೇಲೆ ಮಾಡು ಇಲ್ಲ, ಆಕಾಶವೇ ಸೂರು, ಒಳಗೆ ಎರಡೇ ಸೀಟು. ಬಂದವನೇ ಗುಜರಿಯ ಇಂಜಿನು, ಜೀಪಿನ ಚಕ್ರ, ಡಬ್ಬದ ತಗಡು ಒಟ್ಟುಮಾಡಿ ಅದೇ ನಮೂನೆಯದ್ದನ್ನು ಕಟ್ಟಲಿಕ್ಕೆ ಹೊರಟ. ಒಂದೂವರೆ ವರ್ಷ ಬಡಿದದ್ದೇ ಬಡಿದದ್ದು. ಕೊನೆಗೆ ಕುಂಕುಮದ ಬಣ್ಣ ಹೊಡೆದ.

ಈಗ ನೀವೇ ಹೇಳಿ ಮಾರಾಯ್ರೆ. ಅವನ ಹೆಂಡತಿ ಬಸ್ಸು ಹತ್ತಿದರೆ ಎರಡನೇ ತಿರುವಿಗೇ ವಾಂತಿ ಮಾಡುವವಳು. ಜೀಪಿಗೂ ಹತ್ತುವುದಿಲ್ಲ, ಕಾರಿಗೂ ಹತ್ತುವುದಿಲ್ಲ. ಮಕ್ಕಳಿಲ್ಲ. ಮತ್ತೆ ಎರಡನೇ ಸೀಟು ಯಾರಿಗೆ?

ನಾನು ಕೇಳಿದ್ದು ಅಷ್ಟೇ. ಬೀಡಿ ಎಲೆ ತರಲಿಕ್ಕೆ ಹೋದಲ್ಲಿ ಕೇಳಿದೆ, ನೀರಿನ ಬಾವಿ ಹತ್ತಿರ ಕೇಳಿದೆ. ಮೂರನೇ ದಿನ ಯಾರೋ "ಯಾರಿಗಿರಬಹುದು?" ಅಂತ ನನ್ನನ್ನೇ ಕೇಳಿದರು. ಬರಿಗೈಲಿ ಕಳಿಸಲಿಕ್ಕೆ ಆಗ್ತದಾ? "ಹೊಲಿಗೆ ಕ್ಲಾಸಿನ ಟೀಚರಿಗೆ ಇರಬಹುದು" ಅಂದೆ. ಆ ಟೀಚರು ಬಂದು ತಿಂಗಳಾಗಿತ್ತು, ಅವಳ ಹೊಲಿಗೆ ಮಿಷನಿಗೆ ಮೇಸ್ತ್ರಿ ಒಂದು ಸಲ ಎಣ್ಣೆ ಬಿಟ್ಟುಕೊಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೆ.

ಮಾತು ಊರು ಸುತ್ತಿ ಮೇಸ್ತ್ರಿಯ ಹೆಂಡತಿಯ ಕಿವಿಗೂ ಬಿತ್ತು. ಅವಳು ಒಂದು ಬೆಳಿಗ್ಗೆ ಚೀಲ ಹಿಡಿದುಕೊಂಡು ಕಡಬದ ತವರಿಗೆ ಹೊರಟುಹೋದಳು, ಬಸ್ಸಿನಲ್ಲೇ. ದಾರಿಯುದ್ದಕ್ಕೂ ಕಿಟಕಿಯಿಂದ ತಲೆ ಒಳಗೆ ತರಲಿಲ್ಲವಂತೆ. ಕಂಡಕ್ಟರು ನನ್ನಲ್ಲಿ ಹೇಳಿದ, "ಅರ್ಧ ವಾಂತಿ, ಅರ್ಧ ಅಳು. ಟಿಕೇಟು ಯಾವಾಗ ಕೊಡುದು ಅಂತಲೇ ಗೊತ್ತಾಗ್ಲಿಲ್ಲ."

ತಳ್ಳಿದವರಿಗೆ ಫಿಟ್‌ನೆಸ್

ಅವಳ ಅಣ್ಣ ಅವಳ ಕಡೆಯಿಂದ ಒಂದು ಮಾತು ತಂದ. "ನನಗೋಸ್ಕರ ಮಾಡಿದ್ದು ಅಂತ ಹೇಳ್ತಾರಲ್ಲ, ಹಾಗಾದ್ರೆ ಅದಕ್ಕೆ ಸರ್ಕಾರದ ಕಾಗದ ಮಾಡ್ಸಿ ಅದರಲ್ಲೇ ಬಂದು ಕರ್ಕೊಂಡು ಹೋಗ್ಲಿ. ಅಲ್ಲಿವರೆಗೆ ನಾನು ಬರುದಿಲ್ಲ" ಅಂತ.

ಮನೆಯಲ್ಲಿ ಕಟ್ಟಿದ ಕಾರಿಗೆ ಕಾಗದ ಬೇಕಾದರೆ ಇನ್ಸ್‌ಪೆಕ್ಟರು ನೋಡಿ ಇದು ರಸ್ತೆಗೆ ಆಗ್ತದೆ ಅಂತ ಬರೆಯಬೇಕು. ಮೇಸ್ತ್ರಿ ಒಂದು ತಿಂಗಳು ಊರು ಏಳುವ ಮೊದಲೇ ಎದ್ದು ಇಲ್ಲೇ ಹತ್ತಿರದ ಸವಣೂರಿನವರೆಗೆ ಓಡಿಸಿ ನೋಡಿದ. ಒಂದು ದಿನವೂ ಕೈಕೊಡಲಿಲ್ಲ. ಪರೀಕ್ಷೆಯ ದಿನ ಮೈದಾನಕ್ಕೆ ತಂದು ನಿಲ್ಲಿಸಿದ. ಇನ್ಸ್‌ಪೆಕ್ಟರು ಎದುರು ಬಂದು "ಸ್ಟಾರ್ಟ್ ಮಾಡು" ಅಂದದ್ದೇ ತಡ, ಅದು ಅತ್ತೆಯ ಎದುರು ಬಾಯಿ ಬಿಡದ ಸೊಸೆಯ ಹಾಗೆ ಕೂತುಬಿಟ್ಟಿತು.

ಲಾರಿಯವರು, ಜೀಪಿನವರು ಎಂಟು ಜನ ಸೇರಿ ಮೈದಾನಕ್ಕೆ ಎರಡು ಸುತ್ತು ತಳ್ಳಿದರು. ಸೀಟಿನಲ್ಲಿ ಮೇಸ್ತ್ರಿ ಒಬ್ಬನೇ ಬೆವರುತ್ತಾ, "ಈಗ ಹಿಡೀತದೆ ಸಾರ್, ಈಗ ಹಿಡೀತದೆ" ಅಂತ ಹೇಳುತ್ತಾ ಹೋದ.

ಇನ್ಸ್‌ಪೆಕ್ಟರು ಕನ್ನಡಕ ಒರೆಸಿಕೊಂಡು ಹೇಳಿದರು, "ತಳ್ಳಿದ ಎಂಟು ಜನರಿಗೆ ಬೇಕಾದ್ರೆ ಫಿಟ್‌ನೆಸ್ ಬರೆದುಕೊಡ್ತೇನೆ. ಕಾರಿಗೆ ಆಗುದಿಲ್ಲ."

ಕಾರು ನಿಂತಿತು, ಸೀಟು ನಿಲ್ಲಲಿಲ್ಲ

ಇಂಜಿನು ಇಡೀ ಬಿಚ್ಚಿ ಪುನಃ ಕಟ್ಟುವಾಗ ವರ್ಷ ಕಳೆಯಿತು. ಮಾರನೇ ವರ್ಷ ಅದು ಮೊದಲ ಸಲಕ್ಕೇ ಹಿಡಿಯಿತು. ಇನ್ಸ್‌ಪೆಕ್ಟರಿಗೆ ಖುಷಿಯಾಯಿತು. "ಬ್ರೇಕ್ ನಾನೇ ಕೂತು ನೋಡ್ತೇನೆ" ಅಂತ ಎರಡನೇ ಸೀಟಿಗೆ ಹತ್ತಿದರು. ಒಳ್ಳೇ ಮೈಕೈ ತುಂಬಿದ ಜನ. ನಾನು ಜಗಲಿಯಿಂದಲೇ ಪಕ್ಕದ ಮನೆಯವಳಿಗೆ ಹೇಳಿದೆ, "ನೋಡು, ಟೀಚರಲ್ಲ, ಇವರಿಗಂತೆ ಆ ಸೀಟು!"

ಕಾರು ಮೈದಾನದ ಆ ತುದಿಯಿಂದ ರೊಂಯ್ಯನೆ ಬಂತು. "ಹಾಕು ಬ್ರೇಕು!" ಅಂದರು. ಮೇಸ್ತ್ರಿ ಹಾಕಿದ. ಹೆಂಡತಿಯನ್ನು ನೆನೆದುಕೊಂಡೇ ಹಾಕಿರಬೇಕು. ಕಾರು ಗೂಟ ಹೊಡೆದ ಹಾಗೆ ನಿಂತಿತು. ಇನ್ಸ್‌ಪೆಕ್ಟರು ಸೀಟು ಸಮೇತ ಮುಂದೆ ಹೋಗಿ ಗಾಜಿಗೆ ಹಣೆ ಕೊಟ್ಟು, ವಾಪಸು ಸೀಟು ಸಮೇತ ಹಿಂದಕ್ಕೆ ಮಗುಚಿ ಬಿದ್ದರು. ಹೊರಗಿನಿಂದ ಎರಡು ಬೂಟು ಮಾತ್ರ ಕಾಣುತ್ತಿತ್ತು.

"ಎಂತದಯ್ಯಾ ಇದು? ಈ ಸೀಟಿಗೆ ಬೋಲ್ಟೇ ಬಿಗಿ ಮಾಡ್ಲಿಲ್ವಾ?"

"ಗೊತ್ತಾಗ್ಲಿಲ್ಲ ಸಾರ್. ಅದು ಹೆಂಡ್ತಿದು ಸೀಟು. ಅದರಲ್ಲಿ ಇಷ್ಟರವರೆಗೆ ಯಾರನ್ನೂ ಕೂರಿಸ್ಲಿಲ್ಲ."

ಇನ್ಸ್‌ಪೆಕ್ಟರು ಸೊಂಟ ಹಿಡಿದುಕೊಂಡು ಎದ್ದರು. "ಅವಳು ಈಗ ಎಲ್ಲಿ?"

"ತವರಿನಲ್ಲಿ ಸಾರ್."

"ಅಲ್ಲೇ ಇರ್ಲಿ. ಕ್ಷೇಮ."

ಮೈದಾನಕ್ಕೆ ಮೈದಾನವೇ ನಕ್ಕಿತು. ಮೇಸ್ತ್ರಿ ಮಾತ್ರ ಬಗ್ಗಿ ಸೀಟಿನ ಮೇಲಿನ ಮಣ್ಣು ಕೊಡವುತ್ತಾ ಇದ್ದ.

ವಾಂತಿಗೆ ಕಾಲಮ್ ಇಲ್ಲ

ಮೂರನೇ ಸಲ ಪರೀಕ್ಷೆಯ ದಿನವೇ ಮಳೆ. ಇನ್ಸ್‌ಪೆಕ್ಟರು ಮೇಜು ಎತ್ತಿಸಿ ನಮ್ಮ ಜಗಲಿಗೇ ಬಂದು ಕೂತರು. ಎಲ್ಲ ವಾಹನದ ಗುಟ್ಟು ನನ್ನ ಕಿವಿಯ ಹತ್ತಿರವೇ. ನನಗೆ ಅಂದು ಹಬ್ಬ.

ಮೇಸ್ತ್ರಿಯ ಕಾರು ನೀರು ತುಂಬಿದ ಬಾಣಲೆಯ ಹಾಗೆ ಬಂದು ನಿಂತಿತು. ಅವನು ಚೆಂಬಿನಲ್ಲಿ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದ.

"ಎಲ್ಲ ಸರಿ ಉಂಟು" ಅಂದರು ಇನ್ಸ್‌ಪೆಕ್ಟರು. "ಆದ್ರೆ ಇದಕ್ಕೆ ಮಾಡು ಎಲ್ಲಿ? ಈ ಊರಲ್ಲಿ ಮಾಡು ಇಲ್ಲದ ಕಾರು ಕಟ್ಟುವವ ಎಂಥ ಮೇಸ್ತ್ರಿ ನೀನು?"

ಮೇಸ್ತ್ರಿ ಚೆಂಬು ಹಿಡಿದುಕೊಂಡೇ ಹೇಳಿದ, "ಮಾಡು ಹಾಕಿದ್ರೆ ಅವಳಿಗೆ ವಾಂತಿ ಬರ್ತದೆ ಸಾರ್. ಮುಖಕ್ಕೆ ಗಾಳಿ ಬಡಿದ್ರೆ ಬರುದಿಲ್ಲ. ಸೈಕಲ್ಲಿನ ಹಿಂದೆ ಕೂರಿಸಿ ಎಷ್ಟು ದೂರ ಹೋದ್ರೂ ಎಂತದೂ ಆಗುದಿಲ್ಲ. ಅದಕ್ಕೇ ಹೀಗೆ ಕಟ್ಟಿದ್ದು. ನಾವಿರುದು ಇಬ್ಬರೇ, ಎರಡು ಸೀಟು ಸಾಕಲ್ಲ."

ಇನ್ಸ್‌ಪೆಕ್ಟರು ಅವನನ್ನೇ ನೋಡಿದರು. ಆಮೇಲೆ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಹುಡುಕಿದರು. "ಸರ್ಕಾರದ ಫಾರಮಿನಲ್ಲಿ ವಾಂತಿಗೆ ಕಾಲಮ್ ಇಲ್ಲ ಮಾರಾಯ. ಮಡಚುವ ಟಾರ್ಪಾಲಾದ್ರೂ ಹಾಕಿ ತಾ, ಆ ಮೇಲೆ ನೋಡುವಾ."

ಪಕ್ಕದಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ನನ್ನ ಬಾಯಿಯೂ ಅಭ್ಯಾಸ ಬಲದಿಂದ ತೆರೆಯಿತು. ಆದರೆ ನಗು ಹೊರಡಲಿಲ್ಲ. ಕೈಯಲ್ಲಿದ್ದ ಬೀಡಿಗೆ ಹೊಗೆಸೊಪ್ಪು ಹಾಕದೆ ಬರೀ ಎಲೆ ಸುತ್ತಿ ನೂಲು ಕಟ್ಟಿದ್ದೆ. ಒಂದಲ್ಲ, ಇಡೀ ಒಂದು ಕಟ್ಟು. ಸಂಜೆ ಅಂಗಡಿಯಲ್ಲಿ ಬೀಡಿ ಎಣಿಸಿ ತೆಗೆದುಕೊಳ್ಳುವವ ಬೈದ, "ಏನಕ್ಕಾ, ಗಾಳಿ ಸೇದ್ಲಿಕ್ಕೆ ಮಾಡಿದ್ದಾ ಇದು?"

ಪಾಸು

ಟಾರ್ಪಾಲು ಹಾಕಿ ತಂದ ಸಲ ಕಾರು ಪಾಸಾಯಿತು. ಇನ್ಸ್‌ಪೆಕ್ಟರು ತಾವೇ ಮೂರು ಸುತ್ತು ಹೊಡೆದು, ಬರೆದು, ಸೀಲು ಒತ್ತಿ ಕೊಟ್ಟರು. ಕಾಗದದ ಬಾಕಿ ಕೆಲಸವೂ ಮುಗಿದು ನಂಬರು ಬಂತು. ಆ ದಿನ ಮೇಸ್ತ್ರಿ ಸೀದಾ ನಮ್ಮ ಜಗಲಿಗೆ ಬಂದ. ಮೂರು ವರ್ಷದಿಂದ ನನ್ನ ಮುಖ ನೋಡದವ.

"ಅಕ್ಕಾ, ಕಡಬಕ್ಕೆ ಹೊರಟೆ. ನೀವೂ ಬರ್ಬೇಕು. ಟೀಚರಿದು ಸುಳ್ಳು ಅಂತ ನಿಮ್ಮ ಬಾಯಿಂದಲೇ ಅವಳಿಗೆ ಹೇಳ್ಬೇಕು. ನಾನು ಹೇಳಿದ್ರೆ ಆಗುದಿಲ್ಲ."

ಬರುವುದಿಲ್ಲ ಅನ್ನಲಿಕ್ಕೆ ನನಗೆ ಮುಖ ಎಲ್ಲಿತ್ತು? ಮದುವೆಗೆ ಉಡುವ ಸೀರೆ ಉಟ್ಟು ಹತ್ತಿ ಕೂತೆ. ಬಸ್ಸು ಸ್ಟ್ಯಾಂಡಿನಲ್ಲಿ ಚಾ ಕುಡಿಯುತ್ತಿದ್ದವರು ಗ್ಲಾಸು ಕೆಳಗಿಟ್ಟರು. ಉಪ್ಪಿನಂಗಡಿ ದಾಟುವವರೆಗೆ ನಾನು ಸೆರಗು ಹೊದ್ದೇ ಇದ್ದೆ. ಏನೇನು ಹೇಳಬೇಕು, ಕಾಲು ಹಿಡಿಯಬೇಕಾ ಕೈ ಹಿಡಿದರೆ ಸಾಕಾ, ದಾರಿಯುದ್ದಕ್ಕೂ ಇದೇ ಆಲೋಚನೆ. ಮೇಸ್ತ್ರಿಗೆ ಕಾಗದ ಹಾರಿಹೋದರೆ ಅಂತ ಹೆದರಿಕೆ, ಒಂದು ಕೈ ಕಿಸೆಯ ಮೇಲೇ.

ಕಾರಿನ ಶಬ್ದಕ್ಕೆ ಅವಳು ಅಂಗಳಕ್ಕೆ ಬಂದಳು. ಕೂದಲು ಅರ್ಧ ಬಿಳಿ. ಮೇಸ್ತ್ರಿ ಇಳಿದು ಎರಡೂ ಕೈಯಲ್ಲಿ ಕಾಗದ ಕೊಟ್ಟ. ಅವಳು ಓದಿದಳು, ಸೀಲಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದಳು. ಸೀದಾ ಒಳಗೆ ಹೋದಳು. ಒಂದು ಗಳಿಗೆಯಲ್ಲಿ ಚೀಲದೊಂದಿಗೆ ಹೊರಗೆ ಬಂದಳು. ಕಟ್ಟಿಯೇ ಇಟ್ಟಿದ್ದಿರಬೇಕು. ತಲೆಗೆ ಹೂವೂ ಮುಡಿದಿದ್ದಳು.

ಕಾರಿನ ಹತ್ತಿರ ಬಂದು ನಿಂತಳು. ನನ್ನನ್ನು ನೋಡಿದಳು. ಸೀಟು ನೋಡಿದಳು.

"ಕರ್ಕೊಂಡು ಹೋಗ್ಲಿಕ್ಕೆ ಬಂದದ್ದಾ?" ಅಂತ ಗಂಡನನ್ನು ಕೇಳಿದಳು. "ಮತ್ತೆ ನಾನೆಲ್ಲಿ ಕೂರುದು?"

ದೇವರಾಣೆ, ಆ ಲೆಕ್ಕ ನಮ್ಮಿಬ್ಬರ ತಲೆಗೂ ಪುತ್ತೂರಿನಿಂದ ಕಡಬದವರೆಗೆ ಹೋಗಲಿಲ್ಲ. ಮೇಸ್ತ್ರಿ ಆ ಸೀಟು, ಈ ಸೀಟು ನೋಡಿ, ಮತ್ತೊಂದು ಎಲ್ಲಾದರೂ ಉಂಟಾ ಅನ್ನುವ ಹಾಗೆ ಕಾರಿನ ಹಿಂದೆಯೂ ಬಗ್ಗಿ ನೋಡಿದ.

ನಾನು ಎದ್ದೆ. "ನೀನು ಕೂತ್ಕೋ ಮಗಾ, ನಾನು ಬಸ್ಸಿಗೆ ಬರ್ತೇನೆ. ನಾನು ಹೇಳಿದ್ದೆಲ್ಲ ಸುಳ್ಳು, ಆ ಟೀಚರು..."

"ಬೇಡ, ಇಳೀಬೇಡಿ" ಅಂದಳು. ಸ್ವರ ಏರಿಸಲಿಲ್ಲ. "ಆ ಸೀಟಲ್ಲಿ ಕೂರುದು ಯಾರು ಅಂತ ಊರಿಗೆಲ್ಲ ಹೇಳಿದವರು ನೀವು. ನನ್ನ ಗಂಡ ನಿಮ್ಮನ್ನೇ ಕೂರಿಸ್ಕೊಂಡು ಬಂದಿದ್ದಾರೆ. ಕೂತ್ಕೊಳ್ಳಿ, ಗಾಳಿ ಚಂದ ಬರ್ತದೆ."

ಚೀಲ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದಳು. ಮೇಸ್ತ್ರಿ ಹೊರಗಿನಿಂದ ಕರೆದ, ನಾನು ಕರೆದೆ. ಬಿಸಿಲು ಇಳಿಯುವವರೆಗೆ ನಿಂತೆವು. ತೆರೆಯಲಿಲ್ಲ. ಆಮೇಲೂ ಯಾವತ್ತೂ ತೆರೆಯಲಿಲ್ಲ.

ವಾಪಸು ಬರುವಾಗ ನಾನು ಬಸ್ಸಿಗೆ ಹೋಗುತ್ತೇನೆ ಅಂದರೆ ಮೇಸ್ತ್ರಿಗೆ ಕೇಳಿಸಲೇ ಇಲ್ಲ. ಕೊನೆಗೆ ಅದೇ ಸೀಟಿಗೆ ಹತ್ತಿದೆ. ಅವನ ಕಣ್ಣಿನ ನೀರು ಗಾಳಿಗೆ ಹಾರಿ ನನ್ನ ಕೆನ್ನೆಗೆ ಬೀಳುತ್ತಿತ್ತು. ಒರೆಸಿಕೊಳ್ಳಲಿಕ್ಕೂ ನಾಚಿಕೆ. ಇಳಿಜಾರು ಬಂದಾಗಲೆಲ್ಲ, ಏರು ಬಂದಾಗಲೆಲ್ಲ, ದೇವರೇ ಈ ಕಾರು ಇಲ್ಲೇ ಎಲ್ಲಾದರೂ ಕೆಟ್ಟು ನಿಲ್ಲಲಿ, ಇಳಿದು ನಡೆದುಕೊಂಡಾದರೂ ಹೋಗುತ್ತೇನೆ ಅಂತ ಬೇಡಿಕೊಂಡೆ.

ಪುತ್ತೂರಿನವರೆಗೂ ಒಂದು ಸಲವೂ ಕೆಮ್ಮಲಿಲ್ಲ. ಅಷ್ಟು ಚೊಕ್ಕ ಪಾಸಾಗಿತ್ತು ಮಾರಾಯ್ರೆ ಆ ಕಾರು.