ಗಿರಾಕಿಗಳನ್ನು ಬೈಯುವ ಬಳೆ ಅಂಗಡಿ

ವಿಜಾಪುರದ ಬಜಾರದಲ್ಲಿ ಗಿರಾಕಿಯನ್ನು ಬೈದು ಕಳಿಸುವುದನ್ನೇ ವ್ಯಾಪಾರ ಎಂದು ನಂಬಿದ್ದ ಅಂಗಡಿಕಾರ ಯಾರಾದರೂ ಇದ್ದರೆ ಅದು ನನ್ನ ಸೋದರಮಾವ. ಅವನದು ಬಳೆ ಅಂಗಡಿ. ಅಂಗಡಿ ಎಂದರೆ, ಅತ್ತರಿನವನಿಗೂ ತಾಮ್ರದ ಪಾತ್ರೆಯವನಿಗೂ ನಡುವೆ ಉಳಿದುಹೋದ ಒಂದು ಸಂದು. ಒಳಗೆ ಮಾಮಾ ಕುಳಿತರೆ ಗಿರಾಕಿ ಕಟ್ಟೆಯ ಮೇಲೆ ಕೂಡಬೇಕು. ಜೊತೆಗೆ ಬಂದವರು ಬೀದಿಯಲ್ಲಿ ಟಾಂಗಾ ಕುದುರೆಗಳ ಪಕ್ಕ ನಿಲ್ಲಬೇಕು. ಒಂದು ಕಡೆ ಅತ್ತರಿನ ವಾಸನೆ, ಇನ್ನೊಂದು ಕಡೆ ದಿನವಿಡೀ ಠಣ್ ಠಣ್, ಎದುರಿಗೆ ಕುದುರೆಯ ಲದ್ದಿ. ಇಂಥಲ್ಲಿ ಕೂತ ಮನುಷ್ಯ ಸಿಡುಕನಾಗದೆ ಇನ್ನೇನಾದಾನು?

ಬಳೆ ತೊಡಿಸಲು ಗಿರಾಕಿಯ ಕೈ ಹಿಡಿದ ಕೂಡಲೇ ಆ ಕೈಯ ಬಗ್ಗೆ ತನ್ನ ಅಭಿಪ್ರಾಯ ಹೇಳಿಬಿಡುತ್ತಿದ್ದ. ಒಮ್ಮೆ ದೊಡ್ಡ ಮನೆಯ ದಪ್ಪ ಹೆಂಗಸೊಬ್ಬಳು ಸಣ್ಣ ಅಳತೆಯ ಬಳೆಯನ್ನೇ ಬೇಕೆಂದು ಹಟ ಹಿಡಿದಳು.

"ಇವು ನಿಮ್ಮ ಮಗಳ ಕೈಗೆ ಬರ್ತಾವ್ರಿ. ಮಗಳನ್ನ ಕಳಸ್ರಿ" ಎಂದ ಮಾಮಾ.

"ನನಗ ಮಗಳಿಲ್ಲ."

"ಹಂಗಾದ್ರ ಹುಟ್ಟೂಮಟಾ ತಡೀರಿ."

ಆಕೆ ಟಾಂಗಾ ಹತ್ತಿ ಹೋದವಳು ಮತ್ತೆ ಆ ಓಣಿಗೆ ಬರಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗಿ ಎರಡು ಮೂರು ವರ್ಷಕ್ಕೆ ಉತ್ತರದಿಂದ ಬಳೆ ಬರುವುದು ನಿಂತಿತು. ಉಳಿದಷ್ಟನ್ನು ಮದುಮಗಳಿಗೆ ಮಾತ್ರ ಕೊಡುತ್ತೇನೆಂದು ಮಾಮಾ ನಿರ್ಧರಿಸಿದ. ಬಂದವರನ್ನೆಲ್ಲ ತಿರುಗಿಸಿ ಕಳಿಸುವುದನ್ನು ನೋಡಿ ಅತ್ತರಿನವನಿಗೆ ತಡೆಯಲಾಗಲಿಲ್ಲ. "ಮತ್ತ ಅಂಗಡಿ ಯಾಕ ತಗದು ಕುಂತಿ?" ಎಂದು ಕೇಳಿದ. "ಇಲ್ಲ ಅಂತ ಹೇಳಾಕರ ಒಬ್ಬರು ಬೇಕಲ್ಲ" ಎಂದ ಮಾಮಾ.

ಹಾಗೆ ಉಳಿಸಿಟ್ಟಿದ್ದರಲ್ಲೇ ನನ್ನ ಮದುವೆಗೆ ಕೈಗೆ ಹನ್ನೆರಡರಂತೆ ಹಸಿರು ಬಳೆ ಹಾಕಿದ. ನನ್ನನ್ನು ತಿಕೋಟಾಕ್ಕೆ ಕೊಟ್ಟಿದ್ದರು. ಮರುವರ್ಷ ಅಲ್ಲಿ ವಾಂತಿಬೇನೆ ಬಂತು. ನಸುಕಿನಲ್ಲಿ ಹೊಲಕ್ಕೆ ಹೋದ ನನ್ನ ಗಂಡ ಮಧ್ಯಾಹ್ನ ಗಾಡಿಯಲ್ಲಿ ಮಲಗಿ ಬಂದ. ಮರುದಿನ ಇರಲಿಲ್ಲ. ನನಗೆ ಆಗ ಹದಿನೇಳು. ಅಳು ಬರಲಿಲ್ಲ. ಅದಕ್ಕೂ ಬೈಸಿಕೊಂಡೆ.

ಹನ್ನೊಂದನೆಯ ದಿನ ಬಳೆ ಒಡೆಯಲು ಹೆಂಗಸರು ನನ್ನನ್ನು ಹಿತ್ತಲಲ್ಲಿ ಕೂರಿಸಿದ್ದರು. ಆಗ ಮಾಮಾ ಬಂದ. ಪೆಟ್ರೋಲ್ ಸಿಗದ ಕಾಲ. ಇದ್ದಿಲಿನಿಂದ ಓಡುವ ಮೋಟಾರಿನಲ್ಲಿ ಹಿಂದೆ ಕೂತು ಬಂದಿದ್ದ. ಮುಖವೆಲ್ಲ ಮಸಿ, ಕಣ್ಣೆರಡೇ ಬೆಳ್ಳಗೆ. ಅಂಥ ಹೊತ್ತಿನಲ್ಲೂ ಯಾರೋ ಸೆರಗಿನೊಳಗೆ ನಕ್ಕರು.

"ಗಂಡಸರು ಇಲ್ಲಿ ಬರೂ ಹಂಗಿಲ್ಲ" ಎಂದು ನನ್ನ ಅತ್ತೆ ಅಡ್ಡ ನಿಂತಳು.

"ನಾ ಬಳಗಾರ ಇದ್ದೇನ್ರಿ. ಹಾಕಿದಾಂವ ನಾನು, ತಗಿಯಾಂವನೂ ನಾನು. ಕಲ್ಲ ಆ ಕಡೆ ಇಡ್ರಿ."

ಔಡಲೆಣ್ಣೆ ತರಿಸಿ ನನ್ನ ಕೈಗೆ ಸವರಿದ. ಹೆಬ್ಬೆರಳಿನ ಬುಡವನ್ನು ಒತ್ತಿ, ಒಂದೊಂದೇ ಬಳೆಯನ್ನು ಇಡಿಯಾಗಿ ಜಾರಿಸತೊಡಗಿದ. "ಲಗೂನ ಮುಗಸ್ರಿ" ಎಂದು ಮುದುಕಿಯೊಬ್ಬಳು ಗೊಣಗಿದಳು. ಮಾಮಾ ತಲೆ ಎತ್ತಲಿಲ್ಲ. "ಕೈ ಎಷ್ಟ ಬಡವಾಗ್ಯಾವ ಬೇ. ಉಣ್ಣಾಕ ಹಾಕಿಲ್ಲೇನ ನಿನಗ?" ಎಂದ. ಹನ್ನೊಂದು ದಿನದಿಂದ ಬಾರದ ಅಳು ಆಗ ಬಂತು.

"ಅಳಬ್ಯಾಡ. ಕೈ ಬಿಗೀತೈತಿ" ಎಂದ. ಇಪ್ಪತ್ನಾಲ್ಕರಲ್ಲಿ ಒಂದೂ ಒಡೆಯಲಿಲ್ಲ.

ಮೂರು ತಿಂಗಳ ನಂತರ ನನ್ನನ್ನು ವಿಜಾಪುರಕ್ಕೆ ಕರೆತಂದು ಅಂಗಡಿಯಲ್ಲಿ ಕೂರಿಸಿದ. ಬಳೆ ತೊಡಿಸಲು ವಿಧವೆ! ಹೆಂಗಸರು ಕಟ್ಟೆಯವರೆಗೆ ಬರುವರು, ನನ್ನ ಬರಿಗೈ ನೋಡುವರು, ಏನೋ ನೆನಪಾದವರಂತೆ ಹೊರಟುಬಿಡುವರು. ಮದುಮಗಳಿಗೆ ಮಾತ್ರ ಎಂಬ ಹಟ ಬಿಟ್ಟು ಮಾಮಾ ಬೀದಿಗಿಳಿದು "ಬರ್ರಿ ಅಕ್ಕಾರ, ಚಲೋ ಮಾಲ್ ಐತ್ರಿ" ಎಂದು ಕರೆಯತೊಡಗಿದ. ಜನ್ಮದಲ್ಲಿ ಯಾರನ್ನೂ ಕರೆದವನಲ್ಲ; ದನಿ ಕೇಳಿ ತಾಮ್ರದವನು ಸುತ್ತಿಗೆ ನಿಲ್ಲಿಸಿ ನೋಡಿದ. ಎಂಟು ದಿನ ಯಾರೂ ಬರಲಿಲ್ಲ.

ಒಂಬತ್ತನೆಯ ದಿನ ಮಾಮಾ ಕಟ್ಟೆಯ ಮೇಲೆ ಗಿರಾಕಿಯ ಜಾಗದಲ್ಲಿ ಕೂತು ತನ್ನ ಕೂದಲು ತುಂಬಿದ ಕೈ ಚಾಚಿದ. "ಹಾಕು."

"ಮಾಮಾ, ಮಂದಿ ನೋಡಾಕತ್ತಾರ."

"ನೋಡ್ಲಿ. ನೀ ಕಲಿ."

ಅತಿ ದೊಡ್ಡ ಅಳತೆಯ ಬಳೆ ತೆಗೆದೆ. ಎರಡು ಒಡೆದವು, ಅವನ ಹೆಬ್ಬೆರಳಿನಿಂದ ರಕ್ತ ಬಂತು. ಮೂರನೆಯದು ಏರಿತು. ಮಾಮಾ ಆ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಬಜಾರಿಗೆ ಎದುರಾಗಿ ಕೂತ. ಟಾಂಗಾದವರು ಸೀಟಿ ಹೊಡೆದರು. ಅವನು ಕದಲಲಿಲ್ಲ.

ಮಧ್ಯಾಹ್ನ ಬಬಲೇಶ್ವರದ ಕಡೆಯ ಹೆಂಗಸೊಬ್ಬಳು, ಮಗಳ ಮದುವೆಯ ಸಂತೆಗೆ ಬಂದವಳು, ಅವನ ಕೈ ನೋಡಿ ಬುಟ್ಟಿ ಇಳಿಸಿ ನಕ್ಕಳು. ಆಮೇಲೆ ನನ್ನ ಕೈ ನೋಡಿದಳು. ನಗು ನಿಂತಿತು. ಹೋಗುತ್ತಾಳೆಂದುಕೊಂಡೆ.

"ಸರೀರಿ ಅಣ್ಣಾರ" ಎಂದು ಮಾಮಾನನ್ನು ಎಬ್ಬಿಸಿ ಅವಳು ಕೂತಳು. ಸೆರಗಿನಲ್ಲಿ ಬೆವರು ಒರೆಸಿಕೊಂಡು ನನ್ನ ಮುಂದೆ ಕೈ ಚಾಚಿದಳು. "ನೋವಾಗದಂಗ ಹಾಕವ್ವಾ."

ನಾನು ಆ ಕೈ ಹಿಡಿದೆ. ಒರಟಾಗಿತ್ತು, ಬೆಚ್ಚಗಿತ್ತು. ಗಂಡ ಸತ್ತ ಮೇಲೆ, ಮಾಮಾನನ್ನು ಬಿಟ್ಟರೆ, ಯಾರಾದರೂ ತಾವಾಗಿ ನನ್ನ ಕೈಯಲ್ಲಿ ಕೈ ಇಟ್ಟದ್ದು ಅದೇ ಮೊದಲು.