ಬಂಗಾರದ ನೊಣದ ಹೆಸರಿಡುವ ಶಾಸ್ತ್ರ

ಹದಿನೆಂಟು ವರ್ಷ ಜಿರಳೆಯ ಹೊಟ್ಟೆ ಕೊಯ್ದು ಪಾಠ ಹೇಳಿದವನಿಗೆ ಊರು ಏನು ಕೊಟ್ಟಿತು? ಸಿಂಧನೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಕನಕರಾಜನ ಬಹುಕಾಲದ ದೂರು ಇದು. ಏನೂ ಕೊಟ್ಟಿಲ್ಲವೆಂದಲ್ಲ; 'ಜಿರಳಿ ಸರ್' ಎಂಬ ಹೆಸರು ಕೊಟ್ಟಿತ್ತು. ಸಂತೆಯಲ್ಲಿ ಹಳೆಯ ವಿದ್ಯಾರ್ಥಿಗಳು ಹಾಗೆಂದೇ ಕರೆದು ಕೈಮುಗಿಯುತ್ತಿದ್ದರು. ಹೆಂಡತಿ ದುರ್ಗಾದೇವಿ ಬದನೆಕಾಯಿ ಆರಿಸುವ ನೆಪದಲ್ಲಿ ಆ ಕಡೆ ತಿರುಗಿ ನಗುತ್ತಿದ್ದಳು. ಒಂದು ಸಲವಾದರೂ ತನ್ನ ಹೆಸರು ಜಿರಳೆಯ ಆಸರೆ ಇಲ್ಲದೆ ವಿಜ್ಞಾನದ ಚರಿತ್ರೆಯಲ್ಲಿ ನೆಟ್ಟಗೆ ನಿಲ್ಲಬೇಕು ಎಂಬುದೊಂದೇ ಅವನ ಆಸೆ.

ಆ ಆಸೆ ಒಂದು ದಿನ ತಾನಾಗಿ ಹಾರಿಬಂದು ಅವನ ಮಾಳಿಗೆಯ ಮೇಲೆ ಕೂತಿತು.

ಶಾಮೀದಸಾಬನ ಅಂಗಡಿಯ ಮಟನ್ನನ್ನು ದುರ್ಗಾದೇವಿ ಉದ್ದುದ್ದ ಖಂಡಗಳಾಗಿ ಸೀಳಿ, ಮಾಳಿಗೆಯ ಹಗ್ಗಕ್ಕೆ ಒಣಹಾಕಿ, ಕಾಗೆ ಕಾಯಲು ಗಂಡನನ್ನು ಕೂಡಿಸಿದ್ದಳು. (ಹದಿನೆಂಟು ವರ್ಷದ ಅನುಭವಕ್ಕೆ ಮನೆಯಲ್ಲಿ ಸಿಕ್ಕ ಹುದ್ದೆ.) ಕಾಗೆ ಬರಲಿಲ್ಲ, ನೊಣ ಬಂತು. ಬೂದು ಮೈ, ಬೆನ್ನ ಮೇಲೆ ಮೂರು ಕಪ್ಪು ಪಟ್ಟಿ, ಹೊಟ್ಟೆಯ ಮೇಲೆ ಚದುರಂಗದ ಮನೆಗಳು, ಇಟ್ಟಂಗಿ ಬಣ್ಣದ ಕಣ್ಣು. ಮಾಂಸದ ನೊಣ ಎಂದು ಕೂತಲ್ಲೇ ಹೇಳಬಹುದು. ಆದರೆ ಮಾಂಸದ ನೊಣಗಳಲ್ಲಿ ನೂರಾರು ಪ್ರಭೇದ. ಮುಖ ನೋಡಿ ಗುರುತಿಸುವಂತಿಲ್ಲ. ಗಂಡು ನೊಣದ ಹಿಂಭಾಗವನ್ನೇ ನೋಡಬೇಕು. ಕನಕರಾಜ ಲೋಟ ಮುಚ್ಚಿ ನೊಣ ಹಿಡಿದ, ಸಾಯಿಸಿದ, ಗುಂಡುಸೂಜಿ ಚುಚ್ಚಿ ಭೂತಗನ್ನಡಿ ಹಿಡಿದ. ಹಿಂಭಾಗದ ತುದಿಗೆ ಅಚ್ಚ ಬಂಗಾರದ ಬಣ್ಣ. ಆರೂ ಕಾಲಿಗೆ ಬಂಗಾರದ ಗೆಜ್ಜೆ.

ಇಂಥ ನೊಣ ಯಾವ ಪುಸ್ತಕದಲ್ಲೂ ಇರಲಿಲ್ಲ. (ಅವನ ಬಳಿ ಇದ್ದದ್ದು ಎರಡು ಪುಸ್ತಕ, ಒಂದಕ್ಕೆ ಹಿಂದಿನ ರಟ್ಟು ಇರಲಿಲ್ಲ.) ಅಂದಮೇಲೆ ಹೊಸ ಪ್ರಭೇದವೇ ಸರಿ. ಸೋಮವಾರ ಲಿಂಗಸುಗೂರಿನಲ್ಲಿ ವಿಚಾರ ಸಂಕಿರಣ. ಅಲ್ಲಿ ಲೋಕಕ್ಕೆ ಸಾರುವುದೆಂದು ತೀರ್ಮಾನವಾಯಿತು. ಆಮಂತ್ರಣ ಪತ್ರಿಕೆಯಲ್ಲಿ 'ಬಂಗಾರದ ನೊಣದ ಶೋಧಕರು' ಎಂದು ಅಚ್ಚೂ ಆಯಿತು. ಮಸ್ಕಿಯ ಬಸ್ ನಿಲ್ದಾಣದ ಚಹಾದಂಗಡಿಯವರೆಗೂ ಸುದ್ದಿ ಹೋಯಿತು, ಯಾಕೆಂದರೆ ಅಲ್ಲಿಯವರೆಗೆ ಹೋಗಿ ಹೇಳಿಬಂದವನು ಅವನೇ.

ಮನೆಯಲ್ಲಿ ಮಾತ್ರ ಈ ಶೋಧಕ್ಕೆ ತಕ್ಕ ಗೌರವ ಸಿಗಲಿಲ್ಲ.

“ಮೂರು ದಿನದಿಂದ ನೊಣದ ಕುಂಡಿ ನೋಡಾಕತ್ತೀರಿ,” ಎಂದಳು ದುರ್ಗಾದೇವಿ. “ನನ್ನ ಮಾರಿ ಎಂದರ ಇಷ್ಟೊತ್ತು ನೋಡೀರೇನ್ರೀ?”

ಈ ಪ್ರಶ್ನೆಗೆ ಕನಕರಾಜ ಲಂಚ ಕೊಟ್ಟ: ನೊಣಕ್ಕೆ ಆಕೆಯ ಹೆಸರನ್ನೇ ಇಡುವುದಾಗಿ ಹೇಳಿದ. ಮೊದಲು ಆಕೆ ಲಟ್ಟಣಿಗೆ ಎತ್ತಿದಳು. ಭೂಮಿಯ ಮೇಲೆ ವಿಜ್ಞಾನ ಇರುವತನಕ ಈ ಹೆಸರು ಅಳಿಯುವುದಿಲ್ಲ ಎಂದು ಅವನು ತಿಳಿಸಿ ಹೇಳಿದಾಗ ಲಟ್ಟಣಿಗೆ ಕೆಳಗಿಳಿಯಿತು. ಬಾಜೂ ಮನೆಯ ಪಾರ್ವತೆಮ್ಮನ ಹೆಸರು ಬರೀ ಗೇಟಿನ ಮೇಲಿತ್ತು. ಅದೂ ಅರ್ಧ ತುಕ್ಕು ಹಿಡಿದಿತ್ತು. ದುರ್ಗಾದೇವಿ ಆ ಸಂಜೆಯೇ ನೆಂಟರಿಗೆಲ್ಲ ಫೋನ್ ಮಾಡಿದಳು. ತಪ್ಪಾದದ್ದು ಅಲ್ಲೇ.

ಭಾನುವಾರ ಬೆಳಿಗ್ಗೆ ಸಾಲಗುಂದದಿಂದ ಕನಕರಾಜನ ಅಕ್ಕ ಮುದುಕಮ್ಮ ಬಂದಿಳಿದಳು. ಗಂಡನ ಮನೆಯಲ್ಲಿ ಕುರಿ ಹಿಂಡು ಆಳುವ ಹೆಂಗಸು. ತಮ್ಮನನ್ನು ಆಳುವುದು ಆಕೆಗೆ ಬಿಡುವಿನ ಕೆಲಸ. ಚೀಲದಲ್ಲಿ ಕುಪ್ಪಸದ ಖಣ, ಹಸಿರು ಬಳೆ, ಗುಗ್ಗರಿಗೆಂದು ನೆನೆಹಾಕಿದ ಕಡಲೆ.

“ಲೇ ಕನಕಾ, ನಿನ್ನ ಮಗಳಿಗೆ ಹೆಸರಿಟ್ಟಾಕಿ ಯಾರು?”

“ನೀನ, ಅಕ್ಕಾ.”

“ಮತ್ತ ಇದಕ್ಕ ಇಡಾಕ ನೀ ಯಾಂವ?”

ಆ ಮನೆತನದಲ್ಲಿ ಹೆಸರಿಡುವ ಹಕ್ಕು ಸೋದರತ್ತೆಯದು. ಆಕೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ಹೇಳುತ್ತಿದ್ದಂತೆ ನೆರೆದ ಹೆಂಗಸರು ಆಕೆಯ ಬೆನ್ನಿಗೆ ಗುದ್ದಬೇಕು. ಆ ಗುದ್ದಿನಲ್ಲೇ ಆಕೆಯ ಮಾನ. ಕನಕರಾಜ ವಿಜ್ಞಾನದ ನಿಯಮ ಬಿಡಿಸಿ ಹೇಳಿದ: ಪ್ರಭೇದವನ್ನು ಶೋಧಿಸಿದವನೇ ಹೆಸರಿಡಬೇಕು, ಅದು ತನ್ನ ಹಕ್ಕು, ಜಗತ್ತೇ ಒಪ್ಪಿದ್ದು. ಶೋಧಿಸಿದವನು ಅಪ್ಪನಿದ್ದಂತೆ ಎಂದೂ ಬಾಯಿತಪ್ಪಿ ಸೇರಿಸಿದ. ಹಾಗಾದರೆ ತಾನು ಸೋದರತ್ತೆಯೇ ಆದೆನಲ್ಲ ಎಂದು ಮುದುಕಮ್ಮ ಕಾಲುಚಾಚಿ ಕೂತಳು.

“ಇದರ ಬೆಡಗು ಯಾವ್ದು?”

ಕನಕರಾಜನಿಗೆ ಖುಷಿಯಾಯಿತು. ಬೆಡಗು ಎಂದರೆ ಕುಲ; ವರ್ಗೀಕರಣದ ಮೊದಲ ಪ್ರಶ್ನೆಯೇ ಅದು. ಕಾಲೇಜಿನಲ್ಲಿ ಯಾರೂ ಕೇಳಿರಲಿಲ್ಲ. “ಸಾರ್ಕೊಫೇಗಾ,” ಎಂದು ಮಾಂಸದ ನೊಣಗಳ ಕುಲದ ಹೆಸರು ಹೇಳಿದ.

ಮುದುಕಮ್ಮ ತನಗೆ ಗೊತ್ತಿದ್ದ ಬೆಡಗುಗಳನ್ನೆಲ್ಲ ಬೆರಳು ಮಡಚಿ ಎಣಿಸಿದಳು. “ನಮ್ಮ ಕಡೆ ಇಲ್ಲ ಆ ಬೆಡಗು. ಇರ್ಲಿ, ದೂರದವರು.”

ಮುಂದಿನದು ಹೆಸರಿನ ಜಗಳ. ಸತ್ತ ಅವ್ವನ ಹೆಸರು ಹೊನ್ನೂರಮ್ಮ; ಬಂಗಾರದ ನೊಣಕ್ಕೆ ಅದಕ್ಕಿಂತ ಒಪ್ಪುವ ಹೆಸರು ಯಾವುದೆಂದು ಅಕ್ಕ ಕೇಳಿದಳು. ಖಂಡ ನನ್ನದು, ಹಗ್ಗ ನನ್ನದು, ಮಾಳಿಗೆ ನನ್ನದು, ಹೆಸರು ಮಾತ್ರ ಸತ್ತ ಅತ್ತೆಯದೋ ಎಂದು ಹೆಂಡತಿ ಕೇಳಿದಳು. ನಡುವೆ ಮಿಠಾಯಿ ಡಬ್ಬಿಯಲ್ಲಿ ಸೂಜಿಗೆ ಸಿಕ್ಕ ನೊಣ, ಅದರ ಪಕ್ಕ ಸುಮಾರು ಅದೇ ಸ್ಥಿತಿಯಲ್ಲಿ ಕನಕರಾಜ. ಇಬ್ಬರೂ ಪಟ್ಟು ಬಿಡದೆ, ಒಲೆಯ ಮೇಲಿನ ಕಡಲೆಯನ್ನು ಒಬ್ಬರಾದ ಮೇಲೊಬ್ಬರು ಎದ್ದು ತಿರುವಿ ಬರತೊಡಗಿದರು.

ಆದರೆ ಒಂದು ಮಾತಿಗೆ ಇಬ್ಬರೂ ಒಂದಾದರು. ಮೈತೊಳೆಯದ ಕೂಸಿಗೆ ಹೆಸರಿಡುವ ಪದ್ಧತಿ ಎಲ್ಲಿಯೂ ಇಲ್ಲ.

ನೀರು ಬಿದ್ದರೆ ನೊಣ ಕೆಡುತ್ತದೆ ಎಂದು ಕನಕರಾಜ ಗೋಗರೆದ. ಕೊನೆಗೆ ವಿಜ್ಞಾನಕ್ಕೂ ಶಾಸ್ತ್ರಕ್ಕೂ ಒಪ್ಪುವ ದಾರಿ ಅವನಿಗೇ ಹೊಳೆಯಿತು: ಪ್ರಯೋಗಾಲಯದಿಂದ ತಂದಿಟ್ಟ ಸ್ಪಿರಿಟ್. ಗಾಜಿನ ಬಟ್ಟಲಿಗೆ ಸುರಿದು, ಚಿಮಟದಲ್ಲಿ ನೊಣವನ್ನು ಮೆಲ್ಲಗೆ ಇಳಿಬಿಟ್ಟ. ಮುದುಕಮ್ಮ ಸೆರಗು ಹೊದ್ದು ಸಜ್ಜಾದಳು.

ಬಟ್ಟಲಿನ ಸ್ಪಿರಿಟ್ ಮೊದಲು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತು. ಆಮೇಲೆ ಚೆಂಡುಹೂವಿನ ಬಣ್ಣಕ್ಕೆ. ಕನಕರಾಜ ನೊಣವನ್ನು ಮೇಲೆತ್ತಿದ. ತಲೆಯಿಂದ ತುದಿಯವರೆಗೆ ಬೂದು. ಗೆಜ್ಜೆಯೂ ಇಲ್ಲ, ಬಂಗಾರವೂ ಇಲ್ಲ.

ಮುದುಕಮ್ಮ ಬಟ್ಟಲಲ್ಲಿ ಬೆರಳದ್ದಿ ಮೂಸಿದಳು. “ಅರಿಷಿಣ,” ಎಂದಳು.

“ಖಂಡಕ್ಕ ಉಪ್ಪು ಅರಿಷಿಣ ತಿಕ್ಕದ ಯಾರು ಒಣಹಾಕ್ತಾರಕ್ಕಾ?” ಎಂದಳು ದುರ್ಗಾದೇವಿ.

ಕನಕರಾಜ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದ. “ಮೊದಲ ಯಾಕ ಹೇಳ್ಲಿಲ್ಲ?”

“ನೀವು ನೊಣ ನೋಡಾಕತ್ತಿದ್ರಿ. ಖಂಡ ಯಾವಾಗ ನೋಡಿದ್ರಿ?”

ಮುದುಕಮ್ಮ ಕನ್ನಡಕ ಏರಿಸಿ ನೊಣವನ್ನು ಒಮ್ಮೆ ನೋಡಿದಳು. ಮುಖವನ್ನಷ್ಟೇ. “ಇದು ನಮ್ಮ ದೊಡ್ಡಿ ನೊಣ. ಬ್ಯಾರೆ ನೊಣ ತತ್ತಿ ಇಡ್ತಾವ, ಇದು ಕುರಿ ಗಾಯದಾಗ ಜೀವಂತ ಹುಳಾನ ಹಡೀತೈತಿ. ಇದಕ್ಕ ಸಂಕಿರಣ ಯಾಕ ಬೇಕು?”

ರಟ್ಟು ಹರಿದ ಪುಸ್ತಕದ ಒಂದು ಪುಟ ಆಕೆ ಬಾಯಿಪಾಠ ಒಪ್ಪಿಸಿದಂತಿತ್ತು. ಮೇಜಿನ ಮೇಲಿನ ಆಮಂತ್ರಣ ಪತ್ರಿಕೆಯನ್ನು ಕನಕರಾಜ ನೋಡಲಾರದೆ ನೋಡಿದ. 'ಜಿರಳಿ ಸರ್' ಎಂಬ ಹೆಸರು ಅವನಿಗೆ ಮೊದಲ ಬಾರಿಗೆ ಬಲು ಮರ್ಯಾದೆಯದೆನಿಸಿತು.

ಅಷ್ಟರಲ್ಲಿ ಕಡಲೆ ಬೆಂದಿತ್ತು. ಘಮ ಹಿಡಿದು ಪಾರ್ವತೆಮ್ಮ ಬಟ್ಟಲು ತಂದು ಬಾಗಿಲಲ್ಲಿ ನಿಂತಿದ್ದಳು. ಹೂಡಿದ ಶಾಸ್ತ್ರವನ್ನು ಅರ್ಧಕ್ಕೆ ಬಿಡುವ ಹೆಂಗಸಲ್ಲ ಮುದುಕಮ್ಮ. ಸೆರಗು ಬಿಗಿದು ತಮ್ಮನತ್ತ ತಿರುಗಿದಳು. ದನಿಯಲ್ಲಿ ಎಂದೂ ಇಲ್ಲದ ಅಕ್ಕರೆ.

“ಹೆಸರಿಡೋ ಹಕ್ಕು ನಿಂದು ಅಂದಿದ್ಯಲ್ಲ ತಮ್ಮಾ? ಜಗತ್ತ ಒಪ್ಪೇತಿ ಅಂದ್ರ ನಾನೂ ಒಪ್ಪಿದ್ನೆಪ್ಪ. ಬಗ್ಗು.”

ಕನಕರಾಜ ಬಗ್ಗಿದ. ಮೊದಲ ಗುದ್ದು ದುರ್ಗಾದೇವಿಯದು. ಅದರಲ್ಲಿ ಮೂರು ದಿನದ ಲೆಕ್ಕವಿತ್ತು. ಎರಡನೆಯದು ಅಕ್ಕನದು, ಅವ್ವನ ಪರವಾಗಿ. ಮೂರನೆಯದು ಪಾರ್ವತೆಮ್ಮನದು. ಹೆಸರು ಯಾರಿಗೆ, ಯಾಕೆ, ಆಕೆಗೆ ಒಂದೂ ಗೊತ್ತಿರಲಿಲ್ಲ, ಬಂದದ್ದು ಗುಗ್ಗರಿಗೆ. ಆದರೆ ಎಲ್ಲರಿಗಿಂತ ಮನಸ್ಸಿಟ್ಟು ಗುದ್ದಿದವಳು ಆಕೆಯೇ.