ಬಾರದ ರೋಗಿಗಳೂ ಕೂಲರಿನ ಗಾಳಿಯೂ

ಹೊಟ್ಟೆಕಿಚ್ಚಿಗೂ ಬೇಸಿಗೆಗೂ ನಂಟಿದೆ. ಚಳಿಗಾಲದಲ್ಲಿ ನಾನು ಯಾರನ್ನೂ ಕಂಡು ಕರುಬಿದವನಲ್ಲ. ದಿನಚರಿ ತಿರುವಿ ಖಾತ್ರಿ ಮಾಡಿಕೊಂಡೇ ಹೇಳುತ್ತಿದ್ದೇನೆ. ಗಂಗಾವತಿಗೆ ಏಪ್ರಿಲ್ ಬಂದು, ಕಚೇರಿಯಲ್ಲಿ ಒಂದೇ ಕೂಲರ್ ಇದ್ದು, ಅದರ ಮುಖ ಬೇರೊಬ್ಬರ ಕಡೆ ತಿರುಗಿದಾಗ ಮಾತ್ರ ನನಗೆ ಈ ಕಾಯಿಲೆ.

ಆಸ್ಪತ್ರೆಯಲ್ಲಿ ಬಂದ ರೋಗಿಗಳನ್ನು ಎಣಿಸುವುದು ನನ್ನ ಕೆಲಸ. ಎದುರು ಮೇಜಿನ ಶಾಹೀನ್ ಸಿಸ್ಟರ್ ಬಾರದವರನ್ನು ಎಣಿಸುತ್ತಾರೆ. ಮಗು ಏನೋ ನುಂಗಿತು, ಯಾರೋ ಗುಳಿಗೆ ಅದಲುಬದಲು ಮಾಡಿದರು ಎಂದು ಫೋನ್ ಬಂದರೆ, ಅದು ವಿಷವೋ ಅಲ್ಲವೋ ವಿಚಾರಿಸಿ, "ಈಗಿಂದೀಗ ಬರ್ರಿ" ಅಥವಾ "ಮನ್ಯಾಗ ಇರ್ರಿ" ಎನ್ನುವುದು ಅವರ ಕೆಲಸ. ಗಿಣಿಗೇರಾದ ಕೂಸೊಂದು ಸೀಮೆಸುಣ್ಣ ತಿಂದು ಮನೆಯಲ್ಲೇ ಉಳಿದರೆ ಅದೂ ಒಂದು ಸಾಧನೆ! ಕೂಲರೂ ಅವರ ಕಡೆಗೇ.

ಮೀಟಿಂಗಿನಲ್ಲಿ ದೊಡ್ಡ ಡಾಕ್ಟರು ಹೊಗಳಿದರು: "ಸುಮ್ನ ಒಬ್ರು ಬಂದ್ರ ಒಂದು ಹಾಸಿಗಿ, ಸಲಾಯಿನ್, ಅವರಪ್ಪನ ಒಂದು ದಿನದ ಪಗಾರ, ಎಲ್ಲಾ ಹೋದ್ವು. ಗದ್ದ್ಯಾಗ ಹಾವು ಕಡಿಸ್ಕೊಂಡಾವ ಬಂದ್ರ ಹಾಸಿಗಿ ಎಲ್ಲಿಂದ ತರ್ಲಿ? ಆ ಫೋನ್ ಖರ್ಚಲ್ಲ, ಉಳಿತಾಯ."

ನನ್ನಿಂದ ತಡೆಯಲಾಗಲಿಲ್ಲ. "ಸರ್, ಬರದವ್ರನ್ನ ಎಣಿಸೋದಾದ್ರ ಇಡೀ ಕುಷ್ಟಗಿ ತಾಲ್ಲೂಕನ್ನ ಎಣಿಸಬೌದಲ್ರಿ?"

"ಆತಪಾ. ಈ ತಿಂಗಳ ಮುಗಿಯೂದ್ರಾಗ ಸಿಸ್ಟರ್ ಹಾಸಿಗಿ ಉಳಿಸಿದ್ದಕ್ಕ ಒಂದು ಖರೇ ಉದಾಹರಣಿ ತೋರಿಸ್ಲಿ. ಇಲ್ಲಾಂದ್ರ ಕೂಲರ್ ನಿನ್ನ ಕಡೆ."

ಅಂದಿನಿಂದ ಫೋನ್ ರಿಂಗಾದಾಗಲೆಲ್ಲ ರಾಂಗ್ ನಂಬರ್ ಆಗಿರಲೆಂದು ಹಾರೈಸುತ್ತಿದ್ದೆ.

ಆ ವಾರ ಹೊಸ ಸ್ಟೀಲ್ ಬಾಟಲಿ ಕೊಂಡೆ. ಇಡೀ ದಿನ ಅದರಲ್ಲೇ ನೀರು ಕುಡಿದೆ. ಸಂಜೆ ತೊಳೆಯಲು ಬಗ್ಗಿಸಿದರೆ ಒಳಗಿಂದ ಪುಟ್ಟ ಬಿಳಿ ಪಾಕೀಟು ಬಿತ್ತು. ಮೇಲೆ ಕೆಂಪಕ್ಷರದಲ್ಲಿ, ತಿನ್ನಬಾರದು ಎಂದಿತ್ತು. ವಿಷ ಕುಡಿದೆನೆಂದು ಕೂಗಿಕೊಂಡೆ. ಮನೆಯೊಡತಿ ನೀಲಮ್ಮ ತಂಬಿಗೆ ತುಂಬ ಉಪ್ಪುನೀರು ತಂದರು.

"ಗಟಗಟ ಕುಡಿ ತಮ್ಮಾ. ವಾಂತಿ ಆದ್ರ ವಿಷ ಎಲ್ಲಾ ಹೋಗ್ತೈತಿ."

ತಂಬಿಗೆ ಕೈಯಲ್ಲಿ, ಜೀವ ಬಾಯಲ್ಲಿ. ಫೋನ್ ಮಾಡಿದರೆ ಕೂಲರ್ ಹೋಗುತ್ತದೆ. ಮಾಡದಿದ್ದರೆ ನಾನೇ ಹೋಗಬಹುದು. ನೀಲಮ್ಮನ ಫೋನ್ ಇಸಿದುಕೊಂಡು, ಶಾಹೀನ್ ಸಿಸ್ಟರ್‌ಗೆ ಕರೆ ಮಾಡಿ ದನಿ ದಪ್ಪ ಮಾಡಿದೆ.

"ಯಲಬುರ್ಗಾ ಕಡೆ ಮಂಗಳೂರು ಅಂತ ಹಳ್ಳಿಯಿಂದ ಮಾತಾಡಾಕತ್ತೇನ್ರಿ. ನಮ್ಮಣ್ಣ ಬಾಟ್ಲಿಯೊಳಗಿನ ಪಾಕೀಟು ತಗೀಲಾರದ ನೀರು ಕುಡದಾನ್ರಿ."

"ಉಸಿರಾಟ ಛಲೋ ಐತೇನ್ರಿ? ವಾಂತಿ, ಹೊಟ್ಟಿನೋವು? ಪಾಕೀಟಿನ ಮ್ಯಾಲ ಏನು ಬರದೈತಿ, ಓದ್ರಿ."

ಕೆಂಪಕ್ಷರದ ಕೆಳಗೆ ಸಣ್ಣಗೆ ಸಿಲಿಕಾ ಜೆಲ್ ಎಂದಿತ್ತು, ಅದನ್ನೂ ಓದಿದೆ.

"ತೇವ ಹೀರೋ ಹರಳ್ರಿ ಅವು, ವಿಷ ಅಲ್ಲ. ಉಪ್ಪುನೀರು ಮಾತ್ರ ಕುಡಿಸಬ್ಯಾಡ್ರಿ, ತ್ರಾಸ ಆಗೂದು ಅದರಿಂದನ. ಬಾಟ್ಲಿ ತೊಳದು ಬ್ಯಾರೆ ನೀರು ಕುಡೀಲಿ." ಫೋನ್ ಇಡುವ ಮೊದಲು ಹೇಳಿದರು: "ಮತ್ತ, ನಿಮ್ಮಣ್ಣಗ ಹೇಳ್ರಿ, ನಾಳೆ ಡ್ಯೂಟಿಗೆ ರಜಾ ಸಿಗಂಗಿಲ್ಲ."

ತಿಂಗಳ ಕೊನೆಯ ಮೀಟಿಂಗಿನಲ್ಲಿ ಸಿಸ್ಟರ್ ನನ್ನ ಹೆಸರೆತ್ತಲಿಲ್ಲ. ಮಂಗಳೂರಿನ ಯಾರೋ ಒಬ್ಬ ಜಾಣನ ಕಥೆ ಹೇಳಿದರು. ಎಲ್ಲರೂ ನಕ್ಕರು, ಅನುಮಾನ ಬಾರದಿರಲೆಂದು ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. "ನೋಡ್ರಿ, ಒಂದು ಹಾಸಿಗಿ ಉಳೀತು!" ಎಂದ ಡಾಕ್ಟರು ಕೂಲರನ್ನು ಆ ಕಡೆಗೇ ಕಾಯಂ ಮಾಡಿಬಿಟ್ಟರು.

"ಬರ್ರಿ ಅಣ್ಣಾರ, ಈ ಕಡೆ ಕುರ್ಚಿ ಹಾಕ್ಕೋರಿ. ಇದ್ರಾಗ ನಿಮ್ಮ ಪಾಲೂ ಐತಿ" ಎಂದರು ಶಾಹೀನ್ ಸಿಸ್ಟರ್.

ಅಭಿಮಾನ ಬಿಡಲಿಲ್ಲ, ಬೇಡವೆಂದೆ. ಈಗ ಬೆವರೊರೆಸಿಕೊಳ್ಳುತ್ತ ಬಂದವರನ್ನು ಎಣಿಸುತ್ತಿದ್ದೇನೆ. ಎದುರಿಗೆ ಬೀಸುತ್ತಿರುವ ಆ ತಣ್ಣನೆಯ ಗಾಳಿಯನ್ನು ಗೆದ್ದುಕೊಟ್ಟವನು ನಾನೇ.